ಮಾತಿಲ್ಲದ ಯುಜೇನ್‌ನನ್ನು ಆಡಿಸುವುದು ಹೇಗೆ

ಇಸ್ಪೀಟಿನ ಮೇಜಿನಲ್ಲಿ ಮೋಸ ಮಾಡಿ ಗೆಲ್ಲಬೇಕಾದ ಕಾರ್ಡ್ ಶಾರ್ಕ್ ಎಂಬ ವಿಡಿಯೊ ಆಟವನ್ನು ಹೊಸದಾಗಿ ಕೈಗೆತ್ತಿಕೊಂಡವರು ಮೊದಲ ಒಂದೆರಡು ಗಂಟೆಗಳಲ್ಲಿ ಮೇಲಿಂದ ಮೇಲೆ ಸೋಲುತ್ತಾರೆ, ಸೋತಾಗಲೆಲ್ಲ ತಮ್ಮ ಬೆರಳು ಸಾಕಷ್ಟು ಚುರುಕಾಗಿಲ್ಲ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಟವನ್ನು ಎರಡು ಸಲ ಕೊನೆಯವರೆಗೂ ಆಡಿದ ಮೇಲೆ ನನಗೆ ಮನವರಿಕೆಯಾದದ್ದು ಬೇರೆಯೇ. ಇಲ್ಲಿ ಗೆಲ್ಲುವುದಕ್ಕೆ ಜಾದೂಗಾರನ ಕೈಚಳಕಕ್ಕಿಂತ ಊಳಿಗದವನೊಬ್ಬನ ನಡವಳಿಕೆ ಹೆಚ್ಚು ಬೇಕು. ಕಥಾನಾಯಕ ಯುಜೇನ್ ಯಾರು, ಆ ಮೇಜಿನ ಸುತ್ತ ಕೂತವರು ಅವನನ್ನು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದು ತಲೆಯಲ್ಲಿ ಸರಿಯಾಗಿ ಕೂತರೆ, ಆಟ ಕಲಿಸುವ 28 ಮೋಸದ ಪಟ್ಟುಗಳಲ್ಲಿ ಹೆಚ್ಚಿನವು ಕ್ರಮೇಣ ಹಿಡಿತಕ್ಕೆ ಬರುತ್ತವೆ. ಅದಕ್ಕಾಗಿಯೇ ಪಟ್ಟುಗಳ ವಿವರಕ್ಕೆ ಹೋಗುವ ಮೊದಲು ಈ ಹುಡುಗನನ್ನು ಪರಿಚಯಿಸುತ್ತೇನೆ.

ಲಂಡನ್ನಿನ ನೇರಿಯಲ್ ತಂಡ ರೂಪಿಸಿ, ಡಿವಾಲ್ವರ್ ಡಿಜಿಟಲ್ ಸಂಸ್ಥೆ 2022ರ ಜೂನ್ 2ರಂದು ಬಿಡುಗಡೆ ಮಾಡಿದ ಈ ಆಟ, ಹದಿನೈದನೆಯ ಲೂಯಿಯ ಆಳ್ವಿಕೆಯ ಫ್ರಾನ್ಸಿನಲ್ಲಿ ನಡೆಯುತ್ತದೆ. ದಕ್ಷಿಣದ ಪೋ ಪಟ್ಟಣದ ಪಾನಗೃಹವೊಂದರಲ್ಲಿ ಗಿರಾಕಿಗಳಿಗೆ ವೈನ್ ಸುರಿದು, ಮೇಜು ಒರೆಸಿ ಬದುಕುವ ಯುವಕ ಯುಜೇನ್. ಅವನಿಗೆ ಮಾತು ಬಾರದು. ಒಂದು ಸಂಜೆ ಅಲ್ಲಿಗೆ ಬಂದಿಳಿದ ಕೌಂಟ್ ಸೇಂಟ್ ಜರ್ಮೈನ್ ಎಂಬ ಸೊಗಸುಗಾರ ಅವನನ್ನು ತನ್ನ ಮೋಸದಾಟಕ್ಕೆ ಬಳಸಿಕೊಳ್ಳುತ್ತಾನೆ, ಆಮೇಲೆ ತನ್ನೊಂದಿಗೇ ಕರೆದೊಯ್ಯುತ್ತಾನೆ. ಅಲ್ಲಿಂದ ಇಬ್ಬರೂ ಮನೆಯಿಂದ ಮನೆಗೆ, ಮೇಜಿನಿಂದ ಮೇಜಿಗೆ ಏರುತ್ತ, ಹನ್ನೆರಡು ಬಾಟಲಿ ಹಾಲು ಎಂಬ ವಿಚಿತ್ರ ಹೆಸರಿನ ರಾಜರಹಸ್ಯವೊಂದರ ಬೆನ್ನು ಹತ್ತುತ್ತಾರೆ.

ಕೌಂಟ್ ಕಲ್ಪನೆಯ ಪಾತ್ರವಲ್ಲ. ಆ ಹೆಸರಿನ ವ್ಯಕ್ತಿ ನಿಜವಾಗಿಯೂ ಹದಿನೈದನೆಯ ಲೂಯಿಯ ಆಸ್ಥಾನದಲ್ಲಿ ಓಡಾಡಿದ್ದ. ಸಂಗೀತ ಬಲ್ಲವನು, ಬಣ್ಣ ತಯಾರಿಸುವ ವಿದ್ಯೆ ಬಲ್ಲೆನೆಂದು ಹೇಳಿಕೊಂಡವನು, ಹುಟ್ಟಿನ ಗುಟ್ಟನ್ನು ಯಾರಿಗೂ ಬಿಟ್ಟುಕೊಡದವನು. 1760ರಲ್ಲಿ ಫ್ರೆಂಚ್ ಲೇಖಕ ವೊಲ್ಟೇರ್ ಪ್ರಷ್ಯದ ದೊರೆ ಫ್ರೆಡರಿಕ್‌ಗೆ ಬರೆದ ಪತ್ರದಲ್ಲಿ ಇವನನ್ನು ಎಂದೂ ಸಾಯದ, ಎಲ್ಲವನ್ನೂ ಬಲ್ಲ ಮನುಷ್ಯ ಎಂದು ಬಣ್ಣಿಸಿದ್ದಾನೆ. ಸಾಯದ ಆ ಮನುಷ್ಯ 1784ರಲ್ಲಿ ತೀರಿಕೊಂಡ. ಈ ಇತಿಹಾಸ ನಿಮ್ಮ ಆಟಕ್ಕೂ ಸಂಬಂಧಪಟ್ಟದ್ದು. ಇಂಥ ವ್ಯಕ್ತಿ ಕೋಣೆಗೆ ಕಾಲಿಟ್ಟರೆ ಎಲ್ಲರ ಕಣ್ಣೂ ಕಿವಿಯೂ ಅವನ ಕಡೆಗೇ ತಿರುಗುತ್ತವೆ, ಅವನ ಪಕ್ಕದಲ್ಲಿ ಬಾಟಲಿ ಹಿಡಿದು ನಿಂತ ಹುಡುಗನನ್ನು ಯಾರೂ ಗಮನಿಸುವುದಿಲ್ಲ. ಯುಜೇನ್‌ನ ಬಂಡವಾಳ ಅದೇ. ಅವನು ನೋಡಿದ್ದನ್ನು ಬಾಯಿಬಿಟ್ಟು ಹೇಳಲಾರ ಎಂಬುದು ಗೊತ್ತಿರುವುದರಿಂದ ಅವನೆದುರು ತಮ್ಮ ಇಸ್ಪೀಟು ಎಲೆಗಳನ್ನು ಮುಚ್ಚಿಕೊಳ್ಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಈ ವಿಚಾರ ಆಟದವರಿಗೆ ಹೊಳೆದ ಹೊಸದೇನೂ ಅಲ್ಲ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಜಾರ್ಜ್ ದ ಲಾ ತೂರ್ ಹದಿನೇಳನೆಯ ಶತಮಾನದಲ್ಲಿ ಬಿಡಿಸಿದ ಒಂದು ಚಿತ್ರವಿದೆ. ಎಡಗಡೆ ಕೂತ ಮೋಸಗಾರ ಬೆನ್ನ ಹಿಂದಿನ ನಡುಪಟ್ಟಿಯಿಂದ ಡೈಮಂಡ್ ಎಕ್ಕವನ್ನು ಎಳೆಯುತ್ತಿದ್ದಾನೆ. ಬಲಗಡೆಯ ಶ್ರೀಮಂತ ಹುಡುಗ ತನ್ನ ಎಲೆಗಳಲ್ಲೇ ಮುಳುಗಿದ್ದಾನೆ. ನಡುವೆ ವೈನ್ ತುಂಬಿದ ಲೋಟ ಹಿಡಿದು ಬಾಗಿ ನಿಂತಿರುವ ಸೇವಕಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಆಟದ ಮೊದಲ ದೃಶ್ಯದಲ್ಲಿ ನಿಮ್ಮ ಕೆಲಸ ಬಹುಮಟ್ಟಿಗೆ ಅವಳದೇ.

ಈಗ ಆ ಮೊದಲ ಪಟ್ಟಿಗೆ ಬರೋಣ, ಏಕೆಂದರೆ ಮುಂದಿನದೆಲ್ಲಕ್ಕೂ ಅದೇ ಬುನಾದಿ. ನೀವು ಎದುರಾಳಿಯ ಹಿಂದೆ ನಿಂತು ಅವನ ಲೋಟಕ್ಕೆ ವೈನ್ ಸುರಿಯಬೇಕು, ಸುರಿಯುತ್ತಲೇ ಅವನ ಕೈಯಲ್ಲಿರುವ ಎಲೆಗಳನ್ನು ಓರೆಗಣ್ಣಿನಿಂದ ಓದಬೇಕು, ಲೋಟ ತುಂಬಿ ಹರಿಯುವ ಮೊದಲು ಬಾಟಲಿ ಎತ್ತಬೇಕು, ಆಮೇಲೆ ಬಟ್ಟೆಯಿಂದ ಮೇಜು ಒರೆಸುವ ನೆಪದಲ್ಲಿ ಅವನ ಬಲವಿರುವುದು ಆಟೀನು, ಕಳಾವರ್ ಮುಂತಾದ ಎಲೆಗಳಲ್ಲಿ ಯಾವ ಜಾತಿಯಲ್ಲಿ ಎಂಬುದನ್ನು ಕೌಂಟ್‌ಗೆ ತಿಳಿಸಬೇಕು. ಒಂದೊಂದು ಜಾತಿಗೆ ಒಂದೊಂದು ಬಗೆಯ ಒರೆಸುವಿಕೆ. ನಾನು ಮೊದಲ ಸಲ ಆಡಿದಾಗ ಕಣ್ಣೆಲ್ಲ ಎಲೆಗಳ ಮೇಲೆಯೇ ನೆಟ್ಟಿತ್ತು. ಎಷ್ಟು ಆಟೀನು, ಎಷ್ಟು ಕಳಾವರ್ ಎಂದು ಎಣಿಸುತ್ತಿದ್ದಂತೆ ಲೋಟದ ಅಂಚು ದಾಟಿ ವೈನ್ ಮೇಜಿನ ಮೇಲೆ ಹರಿಯಿತು. ಮರುಸಲ ಲೋಟವನ್ನೇ ನೋಡುತ್ತ ಕೂತು ಎಲೆಗಳನ್ನು ಓದುವುದನ್ನೇ ಮರೆತೆ.

ಈ ತೊಡಕನ್ನು ಬಿಡಿಸುವ ದಾರಿ ಹೀಗಿದೆ. ಎಲೆಗಳನ್ನು ಒಂದೊಂದಾಗಿ ಎಣಿಸಬೇಡಿ. ಮೊದಲ ನೋಟಕ್ಕೆ ಕೆಂಪು ಹೆಚ್ಚೋ ಕಪ್ಪು ಹೆಚ್ಚೋ ಎಂಬುದನ್ನಷ್ಟೇ ತೀರ್ಮಾನಿಸಿ, ಎರಡನೆಯ ನೋಟಕ್ಕೆ ಆ ಬಣ್ಣದಲ್ಲಿ ಯಾವ ಜಾತಿ ಎಂಬುದನ್ನು ಹಿಡಿಯಿರಿ, ಅವೆರಡರ ನಡುವೆ ಒಂದು ಸಲ ಲೋಟದ ಕಡೆ ಕಣ್ಣು ಹಾಯಿಸಿ. ಎಲೆ, ಲೋಟ, ಎಲೆ: ಈ ಲಯ ಒಮ್ಮೆ ಕೂತುಬಿಟ್ಟರೆ ಲೋಟ ಮುಕ್ಕಾಲು ತುಂಬುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಸಂಜ್ಞೆಗಳನ್ನು ಮಾತಿನಲ್ಲಿ ಬಾಯಿಪಾಠ ಮಾಡುವುದಕ್ಕಿಂತ ಕೈಗೆ ಕಲಿಸುವುದು ಒಳ್ಳೆಯದು. ಜಾತಿಯ ಚಿತ್ರ ಕಣ್ಣಿಗೆ ಬಿದ್ದ ಕೂಡಲೇ, ಅದರ ಹೆಸರು ನಾಲಿಗೆಗೆ ಬರುವ ಮೊದಲೇ, ಕೈ ಆ ದಿಕ್ಕಿಗೆ ಹೊರಡಬೇಕು. ಯುಜೇನ್‌ಗಂತೂ ಹೆಸರು ಹೇಳುವ ಬಾಯಿಯೇ ಇಲ್ಲ. ನೀವೂ ಅವನಂತೆಯೇ ಮಾತನ್ನು ಬದಿಗಿಟ್ಟರೆ ಅರ್ಧ ಕ್ಷಣ ಉಳಿಯುತ್ತದೆ, ಈ ಆಟದಲ್ಲಿ ಅರ್ಧ ಕ್ಷಣ ಎನ್ನುವುದು ದೊಡ್ಡ ಸಂಗತಿ.

ಅಭ್ಯಾಸಕ್ಕೆ ಆಟವೇ ಅವಕಾಶ ಕೊಡುತ್ತದೆ. ಹೊಸ ಪಟ್ಟನ್ನು ನಿಜವಾದ ಪಣಕ್ಕೆ ಬಳಸುವ ಮೊದಲು ಕೌಂಟ್ ಅದನ್ನು ವಿವರಿಸುತ್ತಾನೆ, ನಿಮ್ಮಿಂದ ಮಾಡಿಸಿ ನೋಡುತ್ತಾನೆ. ಒಂದು ಸಲ ಸರಿಯಾಗಿ ಬಂತೆಂದು ಎದ್ದು ಹೊರಡಬೇಡಿ. ತಪ್ಪಿಲ್ಲದೆ ಬೆನ್ನುಬೆನ್ನಿಗೆ ಮೂರು ಸಲ ಬಂದ ಮೇಲಷ್ಟೇ ಮುಂದೆ ಹೋಗುವುದು ನಾನು ಹಾಕಿಕೊಂಡ ನಿಯಮ. ನಿಧಾನವೆನ್ನಿಸಿದರೂ ಹಣವನ್ನೂ ಹೊತ್ತನ್ನೂ ಉಳಿಸುವ ದಾರಿ ಇದೇ ಎಂದು ಖಚಿತವಾಗಿ ಹೇಳಬಲ್ಲೆ. ಇಸ್ಪೀಟಾಟದ ನಿಯಮಗಳು ಗೊತ್ತಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಆ ಮೇಜುಗಳ ಮೇಲೆ ನಡೆಯುವ ಆಟದ ಲೆಕ್ಕಾಚಾರ ಕೌಂಟ್‌ನದು, ನಿಮ್ಮ ಪಾಲಿಗಿರುವುದು ಮೋಸದ ಭಾಗ ಮಾತ್ರ.

ಆ ಕಾಲದ ಎಲೆಗಳು ಹೇಗಿದ್ದವೆಂದು ತಿಳಿದಿದ್ದರೆ ಮುಂದಿನ ಪಟ್ಟುಗಳ ತರ್ಕ ಸುಲಭವಾಗಿ ಅರ್ಥವಾಗುತ್ತದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಎಲೆಗಳ ಮೂಲೆಯಲ್ಲಿ ಇಂದಿನಂತೆ ಅಂಕೆಯಾಗಲಿ ಅಕ್ಷರವಾಗಲಿ ಇರುತ್ತಿರಲಿಲ್ಲ, ಆದ್ದರಿಂದ ಎಲೆಯ ಬೆಲೆ ತಿಳಿಯಬೇಕಾದರೆ ಅದರ ಮೈಯನ್ನೇ ನೋಡಬೇಕಿತ್ತು. ರಾಜ, ರಾಣಿ, ಗುಲಾಮರ ಚಿತ್ರಗಳು ತಲೆಯಿಂದ ಕಾಲಿನವರೆಗೆ ಒಂದೇ ಆಕೃತಿಯಾಗಿದ್ದವು. ಮೇಲೂ ಕೆಳಗೂ ತಲೆಯಿರುವ ಜೋಡಿ ಚಿತ್ರಗಳ ರೂಢಿ ಆಮೇಲಿನದು. ಬೆನ್ನು ಸಾಮಾನ್ಯವಾಗಿ ಖಾಲಿ. ಚಿಂತಕ ರೂಸೋ ತನ್ನ ಕೊನೆಗಾಲದಲ್ಲಿ ಇಂಥ ಇಸ್ಪೀಟು ಎಲೆಗಳ ಮೇಲೆ ಟಿಪ್ಪಣಿ ಬರೆದುಕೊಂಡದ್ದು ಪ್ರಸಿದ್ಧ. ಇಂಥ ಬೋಳು ಬೆನ್ನಿನ ಮೇಲೆ ಬಣ್ಣದ ಗುರುತು ಹಾಕಿದರೆ ಎದುರಾಳಿಗೂ ಕಾಣುತ್ತದೆ. ಹೀಗಾಗಿ ಕಣ್ಣಿಗಿಂತ ಬೆರಳಿಗೆ ಗೊತ್ತಾಗುವ ಗುರುತುಗಳಿಗೆ, ಎಂದರೆ ಎಲೆಯನ್ನು ತುಸು ಬಾಗಿಸುವುದಕ್ಕೆ ಅಥವಾ ಅಂಚನ್ನು ತುಸು ಹೊರಚಾಚಿಸುವುದಕ್ಕೆ, ಹೆಚ್ಚಿನ ಬೆಲೆ.

ಆ ಚಾಚಿದ ಎಲೆಯ ಪಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚು ಮಂದಿ ಎಡವುವುದು ಇಲ್ಲಿಯೇ. ಕಥೆ ಮುಂದುವರಿದಂತೆ ಯುಜೇನ್ ಒಳ್ಳೆಯ ಉಡುಪು ತೊಟ್ಟು ತಾನೇ ಮೇಜಿಗೆ ಕೂರುತ್ತಾನೆ, ಎಲೆ ಕಲೆಸುತ್ತಾನೆ, ಹಂಚುತ್ತಾನೆ. ಕೌಂಟ್‌ಗೆ ಒಳ್ಳೆಯ ಎಲೆಗಳು ಹೋಗುವಂತೆ ಎಲೆಗಳ ಕಟ್ಟನ್ನು ಜೋಡಿಸುವುದು ಅವನ ಕೆಲಸ. ಮೇಜಿನಲ್ಲಿ ಮೂವರಿದ್ದು, ಒಂದೊಂದಾಗಿ ಹಂಚುವಾಗ ಕೌಂಟ್‌ನ ಸರದಿ ಎರಡನೆಯದಾದರೆ, ಕಟ್ಟಿನ ಮೇಲಿನಿಂದ 2, 5 ಮತ್ತು 8ನೆಯ ಸ್ಥಾನಗಳಲ್ಲಿ ಒಳ್ಳೆಯ ಎಲೆ ಇರಬೇಕು. ನಾಲ್ವರಿದ್ದರೆ ಅದು 2, 6, 10 ಆಗುತ್ತದೆ. ಸೂತ್ರ ಸರಳ: ಎರಡು ಒಳ್ಳೆಯ ಎಲೆಗಳ ನಡುವೆ ಬರುವ ಬೇಡದ ಎಲೆಗಳು, ಮೇಜಿನಲ್ಲಿರುವ ಜನರಿಗಿಂತ ಒಂದು ಕಡಿಮೆ. ಈ ಲೆಕ್ಕವನ್ನು ಎಲೆ ಕೈಗೆ ಬಂದ ಮೇಲೆ ಹಾಕತೊಡಗಿದರೆ ಹೊತ್ತು ಮೀರುತ್ತದೆ; ಕುರ್ಚಿಗಳನ್ನು ನೋಡಿದ ಕೂಡಲೇ ಹಾಕಿಬಿಡಿ.

ಹೀಗೆ ಜೋಡಿಸಿದ್ದನ್ನು ಉಳಿಸಿಕೊಳ್ಳುವುದು ಮುಂದಿನ ಹೆಜ್ಜೆ. ಕಲೆಸುವಾಗ ಜೋಡಿಸಿದ ಎಲೆಗಳ ಮೇಲೆ ಬೀಳುವ ಮೊದಲ ಎಲೆಯನ್ನು ನಿಮ್ಮ ಮೈಯ ಕಡೆಗೆ ಕೂದಲೆಳೆಯಷ್ಟು ಎಳೆದು ಬಿಡಬೇಕು. ಉಳಿದ ಎಲೆಗಳು ಅದರ ಮೇಲೆ ಬಿದ್ದು ಮುಚ್ಚಿಕೊಂಡರೂ ಆ ಅಂಚು ಬೆರಳಿಗೆ ತಗಲುತ್ತಲೇ ಇರುತ್ತದೆ, ಆ ಜಾಗದಲ್ಲಿ ಕಟ್ಟನ್ನು ಬೇರ್ಪಡಿಸಿದರೆ ಜೋಡಿಸಿದ ಭಾಗ ಮತ್ತೆ ಮೇಲಕ್ಕೆ ಬರುತ್ತದೆ. ಆಟದಲ್ಲಿ ಇದೆಲ್ಲ ಕಂಟ್ರೋಲರ್‌ನ ಸ್ಟಿಕ್ಕಿನ ಅಥವಾ ಮೌಸಿನ ಸಣ್ಣ ಚಲನೆಗಳಾಗಿ ಬರುತ್ತದೆ, ಆ ಚಲನೆಗಳ ದಿಕ್ಕು ನಿಜವಾದ ಕೈಯ ದಿಕ್ಕನ್ನೇ ಹೋಲುತ್ತದೆ. ನನಗೆ ಇದು ಕೈಗೂಡಿದ್ದು ಆಟವನ್ನು ನಿಲ್ಲಿಸಿ, ನಿಜವಾದ ಒಂದು ಕಟ್ಟನ್ನು ತೆಗೆದುಕೊಂಡು ಹತ್ತು ನಿಮಿಷ ನಿಧಾನವಾಗಿ ಮಾಡಿ ನೋಡಿದ ಮೇಲೆ. ಚಾಚಿದ ಎಲೆಯ ಅಂಚು ಹೆಬ್ಬೆರಳಿಗೆ ಮೊದಲ ಸಲ ತಗಲಿದಾಗ, ತೆರೆಯ ಮೇಲೆ ಅಷ್ಟು ಹೊತ್ತು ಏನು ಮಾಡಲು ಒದ್ದಾಡುತ್ತಿದ್ದೆ ಎಂಬುದು ಒಮ್ಮೆಲೇ ತಿಳಿಯಿತು.

ಕಲೆಸಿದ ಕಟ್ಟನ್ನು ಎದುರಾಳಿ ಕಟ್ ಮಾಡಿದರೆ, ಎಂದರೆ ಎರಡು ಭಾಗ ಮಾಡಿ ಕೆಳಗಿನದನ್ನು ಮೇಲಿಟ್ಟರೆ, ಜೋಡಣೆ ಕೆಡುತ್ತದಲ್ಲ ಎಂಬ ಪ್ರಶ್ನೆ ಸಹಜ. ಬಾಗಿಸಿದ ಎಲೆ ನೆರವಿಗೆ ಬರುವುದು ಅಲ್ಲಿಯೇ: ಬಾಗಿದ ಎಲೆಯ ಬಳಿ ಕಟ್ಟಿನಲ್ಲಿ ಸಣ್ಣ ಬಿರುಕು ಉಂಟಾಗುವುದರಿಂದ ಕಟ್ ಮಾಡುವ ಕೈ ಅಲ್ಲಿಗೇ ಹೋಗುವ ಸಂಭವ ಹೆಚ್ಚು.

ಇನ್ನು ಅನುಮಾನದ ವಿಷಯ. ತೆರೆಯ ಕೆಳಗಿರುವ ಪಟ್ಟಿ ಎದುರಾಳಿಯ ಸಂಶಯವನ್ನು ತೋರಿಸುತ್ತದೆ. ನೀವು ತಡಮಾಡಿದಷ್ಟೂ ಅದು ಏರುತ್ತದೆ, ತಪ್ಪಿದರೆ ಒಮ್ಮೆಲೇ ಜಿಗಿಯುತ್ತದೆ, ಪೂರ್ತಿ ತುಂಬಿದರೆ ಸಿಕ್ಕಿಬಿದ್ದಿರಿ. ಹೊಸಬರು ಅದನ್ನೇ ನೋಡುತ್ತ ಗಾಬರಿಗೊಂಡು ಕೈ ನಡುಗಿಸಿಕೊಳ್ಳುತ್ತಾರೆ. ಒಂದು ಪಟ್ಟು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಮಾತ್ರ ಅದನ್ನು ನೋಡಿ, ನಡುವೆ ಬೇಡ. ಮಾಡುತ್ತಿರುವಾಗ ಒಂದು ಚಲನೆ ತಪ್ಪಿದರೆ ಅದನ್ನು ಸರಿಪಡಿಸಲು ನಿಲ್ಲದೆ ಮುಂದುವರಿಯುವುದು ಬಹಳ ಸಲ ಲೇಸು. ಊಳಿಗದವನೊಬ್ಬ ಒರೆಸುವ ಬಟ್ಟೆಯನ್ನು ಕೈಬಿಟ್ಟರೆ ಯಾರೂ ತಲೆ ಎತ್ತಿ ನೋಡುವುದಿಲ್ಲ, ಆದರೆ ಬಟ್ಟೆ ಹಿಡಿದು ಕಲ್ಲಿನಂತೆ ನಿಂತುಬಿಟ್ಟರೆ ಎಲ್ಲರೂ ನೋಡುತ್ತಾರೆ.

ಹಣದ ಬಗ್ಗೆ ಒಂದು ಮಾತು. ಆ ಕಾಲದ ಫ್ರಾನ್ಸಿನಲ್ಲಿ 1 ಲಿವ್ರ್‌ಗೆ 20 ಸೋಲ್, 1726ರ ನಂತರ ಚಿನ್ನದ 1 ಲೂಯಿ ನಾಣ್ಯಕ್ಕೆ 24 ಲಿವ್ರ್. ಪಾನಗೃಹದ ಹುಡುಗನೊಬ್ಬ ಲೂಯಿಗಳನ್ನು ಪಣಕ್ಕಿಡುವ ಮೇಜಿಗೆ ಬರುವುದೆಂದರೆ ಎಷ್ಟು ದೊಡ್ಡ ಜಿಗಿತ ಎಂಬುದನ್ನು ಇದರಿಂದ ಊಹಿಸಬಹುದು. ಗೆದ್ದದ್ದನ್ನೆಲ್ಲ ಒಂದೇ ಸುತ್ತಿಗೆ ಸುರಿಯದೆ, ಹೊಸ ಪಟ್ಟಿನ ಮೊದಲ ಸುತ್ತಿಗೆ ಪಣ ಸಣ್ಣದಾಗಿರಲಿ; ಕೈ ಕುದುರಿದ ಮೇಲೆ ಏರಿಸಿ. ಸಿಕ್ಕಿಬಿದ್ದರೆ ಸೆರೆಮನೆಯೂ ಉಂಟು, ಸಾವೂ ಉಂಟು. ಸತ್ತರೂ ಸಾವಿನೆದುರು ಎಲೆ ಹಿಡಿದು ಕೂತು ಮರಳಿ ಬರುವ ದಾರಿಯನ್ನು ಆಟ ತೆರೆದಿಟ್ಟಿದೆ, ಆ ದೃಶ್ಯವನ್ನು ಒಮ್ಮೆಯಾದರೂ ನೋಡಬೇಕು.

ಮೇಜಿಗೆ ತಾನೇ ಕೂತ ಯುಜೇನ್ ಕಣ್ಣಿಗೆ ಬೀಳುವ ಮನುಷ್ಯ. ಮೊದಲು ಅವನನ್ನು ಮರೆಮಾಡಿದ ಮೌನ ಇಲ್ಲಿ ಸಾಕಾಗುವುದಿಲ್ಲ. ಮಾತಿನಿಂದ ಎದುರಾಳಿಯನ್ನು ರಂಜಿಸುವ ಕೆಲಸ ಪೂರ್ತಿಯಾಗಿ ಕೌಂಟ್‌ನ ಹೆಗಲಿಗೆ ಬೀಳುತ್ತದೆ. ಆದ್ದರಿಂದ ಅವನ ಮಾತುಗಳನ್ನು ಬೇಗಬೇಗ ದಾಟಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಮುಂದೆ ಯಾರ ಮನೆಗೆ ಹೋಗುತ್ತಿದ್ದೀರಿ, ಅಲ್ಲಿನ ಎದುರಾಳಿ ಎಂಥವನು, ಹನ್ನೆರಡು ಬಾಟಲಿಯ ಗುಟ್ಟಿಗೂ ಅವನಿಗೂ ಏನು ನಂಟು ಎಂಬುದೆಲ್ಲ ಆ ಮಾತುಗಳಲ್ಲೇ ಬರುತ್ತದೆ. ಕೌಂಟ್ ಯಾವುದನ್ನು ಹೇಳುತ್ತಿಲ್ಲ ಎಂಬುದನ್ನೂ ಗಮನಿಸುತ್ತ ಹೋಗಿ. ಯುಜೇನ್ ತನ್ನ ಗುರುವನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಆಟದ ಉದ್ದಕ್ಕೂ ನಿಮ್ಮ ಜೊತೆಗಿರುತ್ತದೆ, ಅದಕ್ಕೆ ಉತ್ತರ ಹುಡುಕಲು ಪೋ ಪಟ್ಟಣದ ಆ ಹುಡುಗನಿಗೆ ಇರುವುದು ಎದುರಾಳಿಯ ಎಲೆಗಳನ್ನು ಓದಿದ ಅದೇ ಎರಡು ಕಣ್ಣುಗಳು.