ಜಾರುವ ಲೆನ್ಸಿನ ಫಿಟ್ಟಿಂಗ್ ಕಲಿತದ್ದು

ಹೈಸ್ಕೂಲ್ ಮೇಷ್ಟ್ರೊಬ್ಬರು ನಮ್ಮ ಕನ್ನಡಕದ ಅಂಗಡಿಯಿಂದ ಹೊಸ ಕನ್ನಡಕ ತೆಗೆದುಕೊಂಡು ಹೋಗಿ ನಾಲ್ಕೇ ದಿನಕ್ಕೆ ವಾಪಸ್ ಬಂದರು. "ಎಡಗಣ್ಣಲ್ಲಿ ನೋಡಿದ್ರೆ ಬೋರ್ಡಿನ ಗೆರೆ ಓರೆ ಕಾಣುತ್ತೆ ಕಣ್ರೀ. ಸಂಜೆಯಾದ್ರೆ ತಲೆನೋವು" ಅಂದರು. ಲೆನ್ಸಿನ ಪವರ್ ಅಳೆಯುವ ಲೆನ್ಸೋಮೀಟರಿಗೆ ಇಟ್ಟು ನೋಡಿದೆ. ಪವರ್ ಸರಿ ಇತ್ತು. ಸಿಲಿಂಡರ್, ಅಂದರೆ ಅಸ್ಟಿಗ್ಮ್ಯಾಟಿಸಂ ದೋಷಕ್ಕೆ ಕೊಡುವ ಪವರ್, ಮೈನಸ್ 2.00, ಅದೂ ಸರಿ. ಆ ಸಿಲಿಂಡರ್ ಕೂರಬೇಕಾದ ಕೋನ, ಅಂದರೆ ಆಕ್ಸಿಸ್, ಮಾತ್ರ 180 ಡಿಗ್ರಿ ಇರಬೇಕಾದದ್ದು 172ಕ್ಕೆ ಹೋಗಿತ್ತು.

8 ಡಿಗ್ರಿ ಅಂದರೆ ಸಣ್ಣ ವ್ಯತ್ಯಾಸ ಅಲ್ಲ. ಆಕ್ಸಿಸ್ ಒಂದು ಡಿಗ್ರಿ ತಪ್ಪಿದರೆ ಸಿಲಿಂಡರಿನ ಸುಮಾರು ಶೇ 3.5ರಷ್ಟು ಬೇಡದ ಪವರ್ ಕಣ್ಣಿಗೆ ಬೀಳುತ್ತದೆ. 8 ಡಿಗ್ರಿಗೆ ಅದು ಶೇ 28. ಮೇಷ್ಟ್ರ ಲೆನ್ಸಿನಲ್ಲಿ ಅರ್ಧ ಡಯಾಪ್ಟರಿಗಿಂತ (ಲೆನ್ಸಿನ ಪವರ್ ಅಳೆಯುವ ಮಾನ) ಜಾಸ್ತಿಯಾಯಿತು. ಅಮೆರಿಕದ ಆನ್ಸಿ ಮಾನದಂಡದಲ್ಲಿ 1.50 ದಾಟಿದ ಸಿಲಿಂಡರಿಗೆ ಆಕ್ಸಿಸ್ 2 ಡಿಗ್ರಿವರೆಗೆ ತಪ್ಪಲು ಮಾತ್ರ ಅವಕಾಶ ಇದೆ.

ಲೆನ್ಸಿನ ಮೇಲೆ ಆಕ್ಸಿಸ್ ಮಾರ್ಕಿಂಗ್ ಮಾಡಿದ್ದು ನಾನೇ, ಎರಡು ಸಲ ನೋಡಿಕೊಂಡಿದ್ದೆ. ಹಾಗಾದರೆ ಲೆನ್ಸು ತಿರುಗಿದ್ದು ಫ್ರೇಮಿನ ಅಳತೆಗೆ ಅಂಚು ಕತ್ತರಿಸುವ ಎಡ್ಜಿಂಗ್ ಮಷಿನ್ ಒಳಗೆ. ಅಷ್ಟು ವರ್ಷ ಅದೇ ಮಷಿನ್, ಲೆನ್ಸನ್ನು ಹಿಡಿದಿಡುವ ಅದೇ ಥರದ ಅಂಟಿನ ಪ್ಯಾಡ್, ಒಮ್ಮೆಯೂ ಹೀಗಾಗಿರಲಿಲ್ಲ. ಆಮೇಲೆ ಒಂದು ವಿಷಯ ನೆನಪಾಯಿತು. ಅವತ್ತು ಮಾರ್ಕರ್ ಪೆನ್ನಿನಲ್ಲಿ ಚುಕ್ಕೆ ಇಟ್ಟಾಗ ಇಂಕು ಹರಡದೆ ಮಣಿಮಣಿಯಾಗಿ ಕೂತಿತ್ತು. ಕೆಸುವಿನ ಎಲೆ ಮೇಲೆ ನೀರು ನಿಲ್ಲುತ್ತದಲ್ಲ, ಹಾಗೆ. ನಾನು ಅದನ್ನು ಒರೆಸಿ ಮತ್ತೆ ಚುಕ್ಕೆ ಇಟ್ಟಿದ್ದೆ, ಅಷ್ಟೇ.

ಅದು ನೀರು ಅಂಟಗೊಡದ ಸೂಪರ್ ಹೈಡ್ರೋಫೋಬಿಕ್ ಕೋಟಿಂಗ್. ಇದರ ರಚನೆ ಗೊತ್ತಿದ್ದರೆ ತೊಂದರೆ ಎಲ್ಲಿದೆ ಅಂತ ತಾನಾಗೇ ಹೊಳೆಯುತ್ತದೆ. ಪ್ಲಾಸ್ಟಿಕ್ ಲೆನ್ಸಿನ ಮೇಲೆ ಮೊದಲು ಕೆಲವು ಮೈಕ್ರಾನ್ ದಪ್ಪದ ಹಾರ್ಡ್ ಕೋಟ್. ಅದರ ಮೇಲೆ ಬೆಳಕು ಪ್ರತಿಫಲಿಸುವುದನ್ನು ತಗ್ಗಿಸುವ ಆ್ಯಂಟಿ ರಿಫ್ಲೆಕ್ಷನ್ ಪದರಗಳು. ಸಿಲಿಕಾ ಒಂದು ಪದರ, ಟೈಟೇನಿಯಂ ಅಥವಾ ಜಿರ್ಕೋನಿಯಂ ಆಕ್ಸೈಡ್ ಇನ್ನೊಂದು, ಹೀಗೆ ಸರದಿಯಲ್ಲಿ ನಿರ್ವಾತ ಕೋಣೆಯೊಳಗೆ ಕೂರಿಸುತ್ತಾರೆ. ಎಲ್ಲ ಸೇರಿದರೂ ಅರ್ಧ ಮೈಕ್ರಾನ್ ಆಗುವುದಿಲ್ಲ. ಕೊನೆಯದು ಫ್ಲೋರಿನ್ ಇರುವ ತೆಳು ಪದರ, ಕೆಲವೇ ನ್ಯಾನೋಮೀಟರ್. ನಾನ್‌ಸ್ಟಿಕ್ ತವಾದಲ್ಲೂ ಫ್ಲೋರಿನ್ ಗುಣವೇ ಕೆಲಸ ಮಾಡುವುದು. ಜಿಡ್ಡು, ನೀರು ಅಂಟದಂತೆ ಮಾಡುವ ಆ ಪದರಕ್ಕೆ ನಮ್ಮ ಪ್ಯಾಡಿನ ಅಂಟೂ ಹಿಡಿಯುವುದಿಲ್ಲ. ಮಷಿನ್ನಿನ ಸಾಣೆಕಲ್ಲು ತಿರುಗುತ್ತಾ ಲೆನ್ಸಿನ ಅಂಚನ್ನು ಒತ್ತಿದಾಗ ಲೆನ್ಸು ಮೆಲ್ಲಗೆ ಜಾರಿಬಿಡುತ್ತದೆ.

ಇಂಥ ಲೆನ್ಸು ಬೇಡ ಅನ್ನುವ ಹಾಗೂ ಇಲ್ಲ. ಇಂಡೆಕ್ಸ್ ಅಂದರೆ ಲೆನ್ಸಿನ ವಸ್ತು ಬೆಳಕನ್ನು ಬಾಗಿಸುವ ಪ್ರಮಾಣ, ಅದು ಜಾಸ್ತಿಯಾದಷ್ಟೂ ಲೆನ್ಸು ತೆಳು. 1.50 ಇಂಡೆಕ್ಸಿನ ಲೆನ್ಸು ಕೋಟಿಂಗ್ ಇಲ್ಲದಿದ್ದರೆ ಒಂದೊಂದು ಮೈಯಿಂದ ಶೇ 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. 1.67ರಲ್ಲಿ ಅದು ಶೇ 6 ದಾಟುತ್ತದೆ. ತೆಳು ಲೆನ್ಸು ಬೇಕು ಅಂದವರಿಗೆ ಕೋಟಿಂಗ್ ಬೇಕೇ ಬೇಕು. ಜಾರುವ ಪದರ ಇಲ್ಲದಿದ್ದರೆ ಆ ಕೋಟಿಂಗ್ ಮೇಲೆ ಬೆರಳ ಗುರುತು ಎದ್ದು ಕಾಣುತ್ತದೆ, ಒರೆಸುವುದೂ ಕಷ್ಟ.

ಮೊದಲು ನಾನು ಕಂಡುಕೊಂಡ ಪರಿಹಾರ ತಪ್ಪು. ಜಾರುತ್ತದೆ ಅಲ್ವಾ, ಗಟ್ಟಿ ಹಿಡಿದರಾಯಿತು ಅಂತ ಮಷಿನ್ನಿನ ಕ್ಲ್ಯಾಂಪ್ ಒತ್ತಡ ಜಾಸ್ತಿ ಮಾಡಿದೆ. ಮೈನಸ್ ಪವರಿನ ಲೆನ್ಸು, ನಡುವೆ ತುಂಬಾ ತೆಳು. ಆಕ್ಸಿಸ್ ಸರಿಯಾಗಿ ಬಂತು. ಆದರೆ ಟ್ಯೂಬ್‌ಲೈಟಿಗೆ ಹಿಡಿದು ನೋಡಿದಾಗ ನಡುಮಧ್ಯೆ ಜೇಡರ ಬಲೆಯಂಥ ಸಣ್ಣ ಬಿರುಕು. ಒತ್ತಿದಾಗ ಪ್ಲಾಸ್ಟಿಕ್ ಬಾಗುತ್ತದೆ, ಮೇಲಿನ ಆಕ್ಸೈಡ್ ಪದರ ಬಾಗಲಾರದೆ ಒಡೆಯುತ್ತದೆ. ಆ ಲೆನ್ಸಿನ ದುಡ್ಡು ನಾನೇ ಕಟ್ಟಿದೆ.

ಎರಡನೆಯ ತಪ್ಪು ತಿಳಿದದ್ದು ಲೆನ್ಸು ಕಳಿಸುವ ಲ್ಯಾಬಿಗೆ ಫೋನ್ ಮಾಡಿದಾಗ. "ಮೇಲಿರೋ ಮಬ್ಬು ಪದರ ಒರೆಸ್ತೀರಾ?" ಅಂತ ಕೇಳಿದರು. ಒರೆಸುತ್ತಿದ್ದೆವು! ಲಕೋಟೆಯಿಂದ ತೆಗೆದ ಕೂಡಲೇ ಧೂಳು ಅಂದುಕೊಂಡು ಅಂಗಡಿ ಹುಡುಗ ಚೆನ್ನಾಗಿ ಒರೆಸಿ ಕೊಡುತ್ತಿದ್ದ, ನಾನೇ ಹೇಳಿಕೊಟ್ಟಿದ್ದೆ. ಆ ಮಬ್ಬು ಪದರವನ್ನು ಲ್ಯಾಬಿನವರು ಬೇಕೆಂದೇ ಹಾಕಿರುತ್ತಾರೆ. ಪ್ಯಾಡ್ ಹಿಡಿಯಲಿ ಅಂತ. ಎಡ್ಜಿಂಗ್ ಮುಗಿದ ಮೇಲೆ ಒರೆಸಬೇಕು, ಮೊದಲು ಕೈ ಹಚ್ಚಬಾರದು. ಎಲ್ಲ ಲೆನ್ಸಿಗೂ ಈ ಪದರ ಇರುವುದಿಲ್ಲ. ಅದಕ್ಕೇ ಮಾರ್ಕರ್ ಚುಕ್ಕೆ ಈಗ ನನಗೆ ಮೊದಲ ಪರೀಕ್ಷೆ. ಇಂಕು ಮಣಿಯಾದರೆ ಲೆನ್ಸಿನ ಎರಡೂ ಕಡೆ ಆ್ಯಂಟಿ ಸ್ಲಿಪ್ ಸ್ಟಿಕರ್ ಹಚ್ಚುತ್ತೇನೆ. ಹಿಂದಿನ ಕಡೆ ಬಿಟ್ಟರೆ ಅಲ್ಲಿಂದಲೇ ಜಾರುತ್ತದೆ. ಸ್ಟಿಕರ್ ಕೆಳಗೆ ಗಾಳಿಗುಳ್ಳೆ ಉಳಿಯಬಾರದು. ಪ್ಯಾಡ್ ಪ್ರತಿ ಸಲ ಹೊಸದು. ಅದರಲ್ಲಿ ಉಳಿತಾಯ ಮಾಡಲು ಹೋದರೆ ಲೆನ್ಸೇ ಹೋಗುತ್ತದೆ. ಮಷಿನ್ ಸಾಫ್ಟ್ ಮೋಡಿನಲ್ಲಿ, ಕ್ಲ್ಯಾಂಪ್ ಒತ್ತಡ ಕಡಿಮೆ. ಕೆಲಸ ನಿಧಾನವಾಗುತ್ತದೆ, ಆಗಲಿ.

ಅಗಲ ಜಾಸ್ತಿ, ಎತ್ತರ ಕಡಿಮೆ ಇರುವ ಫ್ರೇಮುಗಳಲ್ಲಿ ಇನ್ನೂ ಎಚ್ಚರ ಬೇಕು. ಉದ್ದನೆಯ ಮೂಲೆಯ ಮೇಲೆ ಕಲ್ಲು ಒತ್ತಿದಾಗ ತಿರುಚುವ ಬಲ ಜಾಸ್ತಿ. ಪೂರ್ತಿ ದುಂಡನೆಯ ಫ್ರೇಮಾದರೆ, ಸಿಂಗಲ್ ವಿಷನ್ (ಇಡೀ ಲೆನ್ಸಿಗೆ ಒಂದೇ ಪವರ್) ಆದರೆ, ಸೆಂಟರ್ ಸರಿ ಇದ್ದರೆ ಲೆನ್ಸನ್ನು ಫ್ರೇಮಿನಲ್ಲೇ ತಿರುಗಿಸಿ ಸರಿ ಮಾಡಬಹುದು. ಬೇರೆ ಆಕಾರಕ್ಕೆ ಆ ದಾರಿ ಇಲ್ಲ. ಆದ್ದರಿಂದ ದೊಡ್ಡ ಸಿಲಿಂಡರ್ ಇದ್ದರೆ ಒಂದೇ ಸಲಕ್ಕೆ ಅಳತೆಗೆ ಕತ್ತರಿಸುವುದಿಲ್ಲ. 2 ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ, ಪ್ಯಾಡಿನಿಂದ ಲೆನ್ಸಿಗೆ ಅಂಟಿಸಿದ ಹಿಡಿ, ಅಂದರೆ ಬ್ಲಾಕ್, ತೆಗೆದು, ಲೆನ್ಸೋಮೀಟರಿನಲ್ಲಿ ಆಕ್ಸಿಸ್ ನೋಡುತ್ತೇನೆ. ಸ್ವಲ್ಪ ಜಾರಿದ್ದರೆ ಸರಿಯಾದ ಆಕ್ಸಿಸ್‌ಗೆ ಮತ್ತೆ ಬ್ಲಾಕ್ ಮಾಡಿ ಕೊನೆಯ ಅಳತೆಗೆ ತರುತ್ತೇನೆ. ಈ ಒಂದು ಅಭ್ಯಾಸದಿಂದ ಉಳಿದ ಲೆನ್ಸುಗಳು ಎಷ್ಟೋ.

ಮೇಷ್ಟ್ರ ಎಡಗಣ್ಣಿನ ಲೆನ್ಸು ಹೀಗೇ ಹೊಸದಾಗಿ ಮಾಡಿದೆ, ದುಡ್ಡು ತೆಗೆದುಕೊಳ್ಳಲಿಲ್ಲ. ಸ್ಟಿಕರನ್ನು ಎತ್ತಿ ಕೀಳದೆ ಪಕ್ಕಕ್ಕೆ ಎಳೆದು ಬಿಡಿಸಿದೆ. ಒಣ ಬಟ್ಟೆಯಲ್ಲಿ ಒರೆಸಿದೆ. ಅಂಚಿನ ಹತ್ತಿರ ಮಾರ್ಕರಿನಿಂದ ಒಂದು ಚುಕ್ಕೆ ಇಟ್ಟೆ. ಇಂಕು ಮಣಿಯಾಗಿ ನಿಂತಿತು. ಒರೆಸಿ ಅವರ ಕೈಗೆ ಕೊಟ್ಟೆ. ಹಾಕಿಕೊಂಡು ಎದುರಿನ ಅಂಗಡಿಯ ಬೋರ್ಡನ್ನು ಎಡಗಣ್ಣೊಂದರಲ್ಲೇ ಓದಿದರು.