ಉಪ್ಪು ನೀರು ಬಿಡಿ, ಬ್ಯಾಲೆನ್ಸ್ ವೈರ್ ಹಿಡಿಯಿರಿ: ಸತ್ತ ಲಿಪೋ ವಿಲೇವಾರಿಯ ನನ್ನ ಅನುಭವ

ಹೋದ ತಿಂಗಳು ರಿಮೋಟ್ ವಿಮಾನ, ಡ್ರೋನ್‌ಗಳಿಗೆ ಹಾಕುವ ಲಿಥಿಯಂ ಪಾಲಿಮರ್, ಅಂದರೆ ಲಿಪೋ ಬ್ಯಾಟರಿಯ 71 ಸತ್ತ ಪ್ಯಾಕ್‌ಗಳನ್ನು ಮೈಸೂರಿನಿಂದ ಕಾರಿನಲ್ಲಿ ಒಯ್ದು ಬೆಂಗಳೂರಿನ ಹೊರಗಿರುವ ಒಂದು ರೀಸೈಕ್ಲಿಂಗ್ ಘಟಕಕ್ಕೆ ಕೊಟ್ಟು ಬಂದೆ. ಒಟ್ಟು 13 ಕಿಲೋ ಇರಬೇಕು. ಅವುಗಳಲ್ಲಿ ಯಾವ ಸೆಲ್ಲಿನಲ್ಲೂ 0.2 ವೋಲ್ಟ್‌ಗಿಂತ ಜಾಸ್ತಿ ಇರಲಿಲ್ಲ, ಅಂದರೆ ಪೂರ್ತಿ ಖಾಲಿ. ಚಾರ್ಜ್ ಉಳಿದ ಲಿಪೋ ಜಜ್ಜಿದರೆ ಹೊತ್ತಿಕೊಳ್ಳಬಹುದು. ಅಲ್ಲಿ ಇಳಿಸಿಕೊಂಡ ಹುಡುಗ ತನ್ನದೇ ಮೀಟರ್ ತಂದು ನಾಲ್ಕೈದು ಪ್ಯಾಕ್ ಅಳೆದು ನೋಡಿದ. "ಎಲ್ಲರೂ ಹೀಗೆ ತಂದುಕೊಟ್ಟರೆ ನಮಗೆ ಎಷ್ಟು ಸಲೀಸು ಸಾರ್" ಅಂದ. ಆ ಮಾತಿಗೆ ನನ್ನ ಮೂರು ತಿಂಗಳ ಕೆಲಸ ಸಾರ್ಥಕ ಅನ್ನಿಸಿತು.

ಇದನ್ನು ಬರೆಯಲು ಕಾರಣ ನಮ್ಮ ಹಾರಾಟದ ಬಳಗದವರೇ. ಭಾನುವಾರ ಮೈದಾನದಲ್ಲಿ ಈ ವಿಷಯ ತೆಗೆದಾಗಲೆಲ್ಲ ಒಂದೇ ಮಾತು ಬರುತ್ತಿತ್ತು: "ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ ಗುರು? ಬಕೆಟ್ ನೀರಿಗೆ ಒಂದು ಹಿಡಿ ಉಪ್ಪು ಹಾಕಿ, ಎರಡು ವಾರ ಮುಳುಗಿಸಿ, ಕಸಕ್ಕೆ ಹಾಕು." ನಾನೂ ಮೊದಲು ಅದನ್ನೇ ಮಾಡಿದ್ದು. ಆ ಕಥೆಯನ್ನು ಮೊದಲು ಹೇಳಬೇಕು.

ಉಬ್ಬಿದ ಮೂರು 3ಎಸ್ 2200 (ಸಾಲಾಗಿ ಮೂರು ಸೆಲ್, 2200 ಎಂಎಎಚ್) ಪ್ಯಾಕ್‌ಗಳನ್ನು ಹಿತ್ತಲಲ್ಲಿ ಉಪ್ಪು ನೀರಿನ ಬಕೆಟ್‌ಗೆ ಹಾಕಿದೆ. ಹಾಕಿದ ಕೂಡಲೇ ಪ್ಲಗ್ಗಿನ ಹತ್ತಿರ ಬುಸುಬುಸು ಗುಳ್ಳೆ ಬಂತು. ಸಂಜೆ ಹೊತ್ತಿಗೆ ಬ್ಲೀಚಿಂಗ್ ಪುಡಿಯಂಥ ವಾಸನೆ. ಅಮ್ಮ ಬಟ್ಟೆ ಒಣಗಿಸಲು ಹೋದವರು ಮೂಗು ಮುಚ್ಚಿಕೊಂಡು ವಾಪಸ್ ಬಂದರು. ಎರಡು ದಿನದಲ್ಲಿ ನೀರು ಹಸಿರು, ಕಂದು ಬಣ್ಣದ ರಾಡಿಯಾಯಿತು. 15 ದಿನ ಬಿಟ್ಟು ತೆಗೆದು ಪ್ಯಾಕ್‌ನ ಮುಖ್ಯ ಪ್ಲಗ್ ಎಕ್ಸ್‌ಟಿ60ಗೆ ಮೀಟರ್ ಹಿಡಿದರೆ ಸೊನ್ನೆ. ಎಲ್ಲ ಖಾಲಿ ಅಂದುಕೊಂಡು ಎರಡನ್ನು ಗುಜರಿಯವನ ಗಾಡಿಗೆ ಹಾಕಿಬಿಟ್ಟೆ.

ಮೂರನೆಯದು ಹೇಗೋ ಉಳಿದಿತ್ತು. ಒಂದು ದಿನ ಸುಮ್ನೆ ಅದರ ಮೇಲಿನ ಟೇಪ್ ಬಿಚ್ಚಿ, ಸೆಲ್ಲಿನ ಟ್ಯಾಬ್ (ಹೊರಗೆ ಬಂದಿರುವ ಲೋಹದ ಪಟ್ಟಿ) ಕೆರೆದು, ನೇರವಾಗಿ ಅಲ್ಲಿಗೇ ಮೀಟರ್ ಹಿಡಿದೆ. ಒಂದು ಸೆಲ್ 3.6, ಇನ್ನೊಂದು 3.5, ಮತ್ತೊಂದು 2 ಚಿಲ್ಲರೆ! ಉಪ್ಪು ನೀರು ಖಾಲಿ ಮಾಡಿದ್ದು ಬ್ಯಾಟರಿಯನ್ನಲ್ಲ, ಪ್ಲಗ್ಗನ್ನು. ಪ್ಲಸ್ ಕಡೆಯ ಪಿನ್ ತಿಂದುಹೋಗಿ ಸಂಪರ್ಕ ತಪ್ಪಿತ್ತು. ಒಳಗೆ ಇನ್ನೂ ಚಾರ್ಜ್ ಉಳಿದು ಕೂತಿತ್ತು. ಈಗ ಅದನ್ನು ಹೊರಗೆ ತೆಗೆಯಲೂ ವೈರ್ ಇಲ್ಲ. ಗುಜರಿಯವನು ತಂತಿಯ ತಾಮ್ರಕ್ಕೆ ಆ ಎರಡು ಪ್ಯಾಕನ್ನೂ ಕತ್ತರಿಸುತ್ತಾನೆ ಅಂತ ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಹುಡುಕಿಕೊಂಡು ಹೋದೆ. ಪುಣ್ಯಕ್ಕೆ ಎರಡೂ ಅವನ ಮೂಟೆಯಲ್ಲೇ ಇದ್ದವು. ವಾಪಸ್ ತಂದೆ.

ಆಮೇಲೆ ಪ್ಯಾಕ್‌ಗೆ ಬಲ್ಬ್ ಜೋಡಿಸಿ ಉರಿಸಿ ಚಾರ್ಜ್ ಇಳಿಸುವ ವಿಧಾನಕ್ಕೆ ಬಂದೆ. ಕಾರಿನ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬ್, ಎಕ್ಸ್‌ಟಿ60 ಪ್ಲಗ್, ಅಷ್ಟೇ. ನಮ್ಮೆಲ್ಲರ ಬಿ6 ಚಾರ್ಜರ್‌ನ ಡಿಸ್ಚಾರ್ಜ್ ಇದಕ್ಕೆ ಉಪಯೋಗವಿಲ್ಲ. ಅದು 5 ವ್ಯಾಟ್‌ಗಿಂತ ಜಾಸ್ತಿ ಎಳೆಯುವುದಿಲ್ಲ, ಸೆಲ್‌ಗೆ 3 ವೋಲ್ಟ್ ಬಂದರೆ ನಿಲ್ಲಿಸಿಬಿಡುತ್ತದೆ. ಬಲ್ಬ್ ಹಾಗಲ್ಲ. ತಣ್ಣಗಿರುವಾಗ ಅದರ ಫಿಲಮೆಂಟ್ ಅಳೆದು ನೋಡಿ, ಅರ್ಧ ಓಮ್‌ನ ಆಚೀಚೆ ಇರುತ್ತದೆ. ಪೂರ್ತಿ ಉರಿಯುವಾಗ 7 ಓಮ್. ಅಂದರೆ ವೋಲ್ಟ್ ಇಳಿದಂತೆ ಬಲ್ಬೇ ತನ್ನ ರೆಸಿಸ್ಟೆನ್ಸ್ ಇಳಿಸಿಕೊಂಡು ಕೊನೆಯ ತನಕ ಎಳೆಯುತ್ತದೆ. ಇದನ್ನು ಕಂಡು ನನಗೆ ಬಹಳ ಖುಷಿಯಾಯಿತು, ಒಂದು ಸಂಜೆ ಪೂರ್ತಿ ಬೇರೆ ಬೇರೆ ಬಲ್ಬ್ ಅಳೆಯುತ್ತಾ ಕೂತಿದ್ದೆ. ಸ್ಕೂಟರ್‌ನ 10 ವ್ಯಾಟ್ ಬಲ್ಬ್ ನಿಧಾನ. 35 ವ್ಯಾಟ್ ಹ್ಯಾಲೋಜನ್ ಬೇಗ ಮುಗಿಸುತ್ತದೆ, ಆದರೆ ಉಬ್ಬಿದ ಪ್ಯಾಕ್‌ಗೆ ಅಷ್ಟು ಅವಸರ ಒಳ್ಳೆಯದಲ್ಲ.

ಬಲ್ಬ್‌ನಲ್ಲೂ ಎರಡು ಏಟು ತಿಂದೆ. ಪೂರ್ತಿ ಆರಿದ ಮೇಲೆ ಪ್ಲಗ್ ತೆಗೆದಿಟ್ಟ ಪ್ಯಾಕ್ ಬೆಳಿಗ್ಗೆ ನೋಡಿದರೆ ಮತ್ತೆ 7 ವೋಲ್ಟ್ ತೋರಿಸಿತು. ಲೋಡ್ ತೆಗೆದರೆ ಇವು ಮೇಲೆದ್ದು ಕೂರುತ್ತವೆ, ನಿಮಗೂ ಗೊತ್ತಿರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಒಂದು 4ಎಸ್ ಪ್ಯಾಕ್‌ನಲ್ಲಿ ಒಂದು ಸೆಲ್ ಮೊದಲೇ ಬಡವಾಗಿತ್ತು. ಅದು ಬೇಗ ಸೊನ್ನೆಗೆ ಬಂತು. ಉಳಿದ ಮೂರು ಸೆಲ್ ಅದರ ಮೂಲಕವೇ ಕರೆಂಟ್ ತಳ್ಳಿ ಅದರ ಪ್ಲಸ್ ಮೈನಸ್ ಅದಲುಬದಲು ಮಾಡಿದವು. ನಾನು ನೋಡುವಷ್ಟರಲ್ಲಿ ಆ ಸೆಲ್ ದಿಂಬಿನಂತೆ ಉಬ್ಬಿ ಕೈ ಇಡಲಾಗದಷ್ಟು ಬಿಸಿ. ಮರಳಿನ ಕುಂಡದಲ್ಲಿ ಇಟ್ಟಿದ್ದರಿಂದ ಬೆಂಕಿಯ ತನಕ ಹೋಗಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಸೆಲ್ ಸೆಲ್ಲನ್ನೂ ಬೇರೆ ಬೇರೆಯಾಗಿ ಇಳಿಸಬೇಕು.

ಅದಕ್ಕೆ ದಾರಿ ಕಣ್ಣೆದುರೇ ಇತ್ತು, ಬ್ಯಾಲೆನ್ಸ್ ವೈರ್, ಅಂದರೆ ಒಂದೊಂದು ಸೆಲ್ಲಿನ ತುದಿಯಿಂದಲೂ ಹೊರಬರುವ ಸಣ್ಣ ವೈರ್‌ಗಳು. ಪಕ್ಕಪಕ್ಕದ ಎರಡು ವೈರ್ ನಡುವೆ ಒಂದೊಂದು 10 ಓಮ್, 10 ವ್ಯಾಟ್ ಸಿಮೆಂಟ್ ರೆಸಿಸ್ಟರ್. 4.2 ವೋಲ್ಟ್‌ನಲ್ಲೂ 0.42 ಆಂಪಿಯರ್ ಅಷ್ಟೇ, ಹತ್ತಿರ ಹತ್ತಿರ 1.8 ವ್ಯಾಟ್ ಬಿಸಿ. ವೈರಿಗೂ ಪಿನ್ನಿಗೂ ಏನೂ ಕಷ್ಟವಿಲ್ಲ. ಯಾವ ಸೆಲ್ ಮೊದಲು ಮುಗಿದರೂ ಇನ್ನೊಂದು ಅದನ್ನು ತಳ್ಳುವುದಿಲ್ಲ. ಒಂದು ರಾತ್ರಿ, ಒಂದು ಹಗಲು ಹಾಗೇ ಬಿಡುತ್ತೇನೆ. ಆಮೇಲೆ ಸೆಲ್‌ಗೆ ಅರ್ಧ ವೋಲ್ಟ್‌ಗಿಂತ ಕೆಳಗೆ ಬಂದ ಮೇಲೆ ಅದೇ ಜಾಗಕ್ಕೆ 1 ಓಮ್ ಹಾಕಿ ಒಂದು ವಾರ ಮುಟ್ಟುವುದಿಲ್ಲ. ಈ ಒಂದು ವಾರವೇ ಮುಖ್ಯ. ಎರಡು ದಿನಕ್ಕೆ ತೆಗೆದರೆ ಮತ್ತೆ 1 ವೋಲ್ಟ್ ಮೇಲಕ್ಕೆ ಬರುತ್ತದೆ. ವಾರ ಬಿಟ್ಟರೆ ಮಾರನೇ ದಿನಕ್ಕೆ 0.1, ಜಾಸ್ತಿ ಅಂದರೆ 0.2. ಅಷ್ಟು ಕೆಳಗೆ ಹೋದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿ ಕೆಟ್ಟಿರುತ್ತದೆ. ಅದನ್ನು ಮತ್ತೆ ಚಾರ್ಜ್ ಮಾಡುವ ಆಸೆ ಯಾರೂ ಪಡಬೇಡಿ, ಒಳಗೇ ಶಾರ್ಟ್ ಆಗುತ್ತದೆ.

2ಎಸ್‌ನಿಂದ 6ಎಸ್ ತನಕ ಎಲ್ಲಕ್ಕೂ ಒಂದೇ ಬೋರ್ಡ್ ಸಾಕಾಗುವಂತೆ ನಾನೊಂದು ಜೋಡಣೆ ಮಾಡಿಕೊಂಡಿದ್ದೇನೆ. ಒಮ್ಮೆಗೆ ಆರು ಪ್ಯಾಕ್ ಹಿಡಿಯುತ್ತದೆ. ಅದರ ಒಳಗುಟ್ಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬ್ಯಾಲೆನ್ಸ್ ವೈರ್ ಕಿತ್ತುಹೋದ ಪ್ಯಾಕ್‌ಗೂ ಒಂದು ಉಪಾಯವಿದೆ. ಅದನ್ನು ಬರೆದು ಹೇಳಿದರೆ ಯಾರಾದರೂ ಟ್ಯಾಬ್ ಶಾರ್ಟ್ ಮಾಡಿಕೊಂಡಾರು, ಎದುರಿಗೆ ಬಂದವರಿಗೆ ಕೈಯಾರೆ ತೋರಿಸುತ್ತೇನೆ.

ಇದೆಲ್ಲ ಮನೆಯೊಳಗೆ ಬೇಡ. ನಾನು ಮಾಡುವುದು ಹಿತ್ತಲಿನ ಸಿಮೆಂಟ್ ಕಟ್ಟೆಯ ಮೇಲೆ, ದೊಡ್ಡ ಮಣ್ಣಿನ ಕುಂಡದಲ್ಲಿ. ಮರಳು ಪಕ್ಕದ ಮನೆ ಕಟ್ಟುವವರಿಂದ ತಂದ ಎಂ-ಸ್ಯಾಂಡ್. ಮೂರು ದಿನ ಬಿಸಿಲಿಗೆ ಹರಡಿ ಒಣಗಿಸಿದೆ, ಒದ್ದೆ ಮರಳು ಇದಕ್ಕೆ ಆಗದು. ರೆಸಿಸ್ಟರ್‌ಗಳನ್ನು ಮರಳಲ್ಲಿ ಹೂಳಬೇಡಿ, ಗಾಳಿಗೆ ಇರಲಿ. ಬಿದ್ದು ಚುಚ್ಚಿಹೋದ, ಸಿಹಿ ವಾಸನೆ ಬರುವ ಪ್ಯಾಕ್‌ಗೆ ನಾನು ಏನೂ ಜೋಡಿಸುವುದಿಲ್ಲ, ಮರಳಲ್ಲಿ ಮುಚ್ಚಿಟ್ಟು ಹಾಗೇ ಬೇರೆಯಾಗಿ ಒಯ್ಯುತ್ತೇನೆ. ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಖಾಲಿಯಾದ ಮೇಲೂ ದಪ್ಪ ವೈರ್ ಎರಡನ್ನೂ ಒಟ್ಟಿಗೆ ಕತ್ತರಿಸುವ ಅಭ್ಯಾಸ ಬೇಡ. ಒಂದೊಂದಾಗಿ ಕತ್ತರಿಸಿ, ಒಂದೊಂದಕ್ಕೂ ಟೇಪ್ ಸುತ್ತಿ.

ಇದಕ್ಕೆಲ್ಲ ಮುಂಚೆ ಶುರು ಮಾಡಿದ ಇನ್ನೊಂದು ಪ್ರಯೋಗವೂ ಇದೆ. ಉಬ್ಬದೇ ಇದ್ದ ನಾಲ್ಕು 3ಎಸ್ ಪ್ಯಾಕ್‌ಗಳ ಒಳ ರೆಸಿಸ್ಟೆನ್ಸ್ ಸೆಲ್‌ಗೆ 20 ಮಿಲಿಓಮ್ ದಾಟಿತ್ತು. ಜಾಸ್ತಿ ಕರೆಂಟ್ ಎಳೆಯುವ ಮೋಟರ್‌ಗೆ ಅವು ಆಗವು. ಆದರೆ 0.3 ಆಂಪಿಯರ್‌ನ ಎಲ್‌ಇಡಿ ಪಟ್ಟಿಗೆ ಧಾರಾಳ ಸಾಕು. ಕರೆಂಟ್ ಹೋದಾಗ ಅಮ್ಮನಿಗೆ ಅಡುಗೆಮನೆಯಲ್ಲಿ ಐದಾರು ಗಂಟೆ ಬೆಳಕು ಕೊಟ್ಟವು. ಎಂಟು ತಿಂಗಳ ಮೇಲೆ ಒಂದು ಸ್ವಲ್ಪ ಉಬ್ಬಿತು. ಅವತ್ತೇ ನಾಲ್ಕನ್ನೂ ಕುಂಡಕ್ಕೆ ಹಾಕಿದೆ.

ಇಳಿಸುವುದಕ್ಕಿಂತ ಕೊಡುವುದೇ ಕಷ್ಟವಾಯಿತು. ಹಳೆ ಕಾರ್ ಬ್ಯಾಟರಿಗೆ ಗುಜರಿಯವರು ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸುತ್ತಾರೆ. ಲಿಪೋ ತೋರಿಸಿದರೆ "ಇದು ಬೇಡ ಸಾರ್" ಅಂತ ಗಾಡಿ ತಳ್ಳಿಕೊಂಡು ಹೋಗುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ವಾಪಸ್ ಪಡೆಯುವ ಹೊಣೆ ತಯಾರಿಸಿದವರದು, ಆಮದು ಮಾಡಿದವರದು. ಮನೆಯ ಕಸಕ್ಕೆ ಸೇರಿಸದೆ ಬೇರೆಯಾಗಿ ಕೊಡುವುದು ನಮ್ಮ ಹೊಣೆ. ಆದರೆ ನನ್ನ ಪ್ಯಾಕ್ ಮಾರಿದ ಅಂಗಡಿಯವರು ಫೋನಿನಲ್ಲೇ ಆಗಲ್ಲ ಅಂದುಬಿಟ್ಟರು. ಕಸದ ಆಟೋಗೆ ಹಾಕಿದರೆ ಅದು ಕಾಂಪ್ಯಾಕ್ಟರ್ ಲಾರಿಯಲ್ಲಿ ಜಜ್ಜಿಹೋಗುತ್ತದೆ, ಇಲ್ಲವೇ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಬರುತ್ತದೆ. ಅವರ ಕೈಯಲ್ಲಿ ನನ್ನ ಬ್ಯಾಟರಿ ಉರಿಯಬಾರದು, ನನಗೆ ಅದೊಂದೇ ಹಠ.

ಕೊನೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬರು 50 ಕಿಲೋಗಿಂತ ಕಡಿಮೆ ಬೇಡ ಅಂದರು. ಇನ್ನೊಬ್ಬರು ಕೊರಿಯರ್ ಮಾಡಿ ಅಂದರು, ಉಬ್ಬಿದ ಬ್ಯಾಟರಿಯನ್ನು ಕೊರಿಯರ್‌ಗೆ ಕೊಡುವ ಹಾಗಿಲ್ಲ. ಮೂರನೆಯವರು ಲಿಥಿಯಂ ತೆಗೆದುಕೊಳ್ಳುತ್ತೇವೆ, ನೀವೇ ತಂದುಕೊಡಿ ಅಂದರು. ಹಾಗಾಗಿ ನಮ್ಮ ಎಂಟು ಜನರದ್ದನ್ನು ಒಟ್ಟು ಮಾಡಿದೆ. ಬೈದವರೂ ತಮ್ಮ ಅಟ್ಟದಿಂದ ಇಳಿಸಿ ತಂದುಕೊಟ್ಟರು, ಒಬ್ಬರದ್ದೇ 19 ಪ್ಯಾಕ್ ಇತ್ತು!

ಖರ್ಚು ನೆನಪಿನಿಂದ ಹೇಳುತ್ತೇನೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ರೆಸಿಸ್ಟರ್ ಐವತ್ತರಷ್ಟು ಕೊಂಡೆ, ₹700 ಚಿಲ್ಲರೆ. ಸಾಕೆಟ್, ಬೋರ್ಡ್ ₹300. ಕುಂಡ ₹150. ಕಾರಿನ ಪೆಟ್ರೋಲ್, ಟೋಲ್ ಸೇರಿ ₹2,800. ಎಲ್ಲ ಸೇರಿ ₹4,000 ಹತ್ತಿರ, ತಲೆಗೆ ₹500. ಘಟಕದವರು ಒಂದು ರೂಪಾಯಿ ಕೊಡಲಿಲ್ಲ, ಕೇಳಲೂ ಇಲ್ಲ, ತೂಕ ಬರೆದು ರಸೀದಿ ಕೊಟ್ಟರು.

ಈಗ ಹಾಸನದ ಗೆಳೆಯರೊಬ್ಬರು ಔಷಧಿ ಸಿಂಪಡಿಸುವ ಡ್ರೋನ್‌ನ ನಾಲ್ಕು 6ಎಸ್ 16000 ಪ್ಯಾಕ್ ತಂದಿಟ್ಟಿದ್ದಾರೆ. ಅದಕ್ಕೆ 10 ಓಮ್ ಹಾಕಿದರೆ ಎರಡು ದಿನ ದಾಟುತ್ತದೆ. 3.3 ಓಮ್ ಹಾಕಿ ನೋಡುವ ಅಂತಿದ್ದೇನೆ, ಶುರುವಿನಲ್ಲಿ ಸೆಲ್‌ಗೆ 5 ವ್ಯಾಟ್ ಆಚೀಚೆ ಬಿಸಿ ಬರುತ್ತದೆ. ಮೊದಲು ಒಂದೇ ಪ್ಯಾಕ್, ಅದೂ ಹಗಲು ಹೊತ್ತಿನಲ್ಲಿ, ಪಕ್ಕದಲ್ಲೇ ಕೂತು.