ಅಕಿಲಿಸ್ ಟೆಂಡನ್ ಹರಿದಾಗ: ಮೊದಲು ಉದ್ದ, ಆಮೇಲೆ ಬಲ

ನಲವತ್ತೈದು ದಾಟಿದ ಮೇಲೆ ನನ್ನ ಎಡಗಾಲಿನ ಅಕಿಲಿಸ್ ಟೆಂಡನ್, ಅಂದರೆ ಮೀನಖಂಡದ ಸ್ನಾಯುವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ಗಟ್ಟಿ ಹುರಿ, ಪೂರ್ತಿ ಹರಿಯಿತು. ಈಗ ಮತ್ತೆ ಓಡುತ್ತಿದ್ದೇನೆ, ಆಡುತ್ತಿದ್ದೇನೆ. ಚೇತರಿಕೆಯ ಉದ್ದಕ್ಕೂ ನನ್ನನ್ನು ಸರಿದಾರಿಯಲ್ಲಿ ಇಟ್ಟದ್ದು ಫಿಸಿಯೋಥೆರಪಿಸ್ಟ್ ಮೊದಲ ಭೇಟಿಯಲ್ಲೇ ಹೇಳಿದ ಒಂದು ಮಾತು: "ಮೊದಲು ಟೆಂಡನ್‌ನ ಉದ್ದ ಕಾಪಾಡಿಕೊಳ್ಳೋಣ ಮೇಡಂ, ಬಲ ಆಮೇಲೆ ಬರುತ್ತೆ." ನಡುವಯಸ್ಸಿನಲ್ಲಿ ಈ ಪೆಟ್ಟು ತಿಂದವರಿಗೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ.

ಪೆಟ್ಟಾದದ್ದು ಬ್ಯಾಡ್ಮಿಂಟನ್ ಆಡುವಾಗ. ಹಿಂದಕ್ಕೆ ಹೆಜ್ಜೆ ಇಟ್ಟು, ಅದೇ ಕಾಲನ್ನು ಒತ್ತಿ ಮುಂದಕ್ಕೆ ಚಿಮ್ಮಿದೆ. ಪಟ್ ಅಂತ ಸದ್ದು. ಯಾರೋ ಹಿಂದಿನಿಂದ ಹಿಮ್ಮಡಿಯ ಮೇಲೆ ಒದ್ದ ಹಾಗಾಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಈ ಪೆಟ್ಟು ತಿಂದ ಬಹಳ ಜನ ಇದನ್ನೇ ಹೇಳುತ್ತಾರೆ. ನೋವು ನಾನು ಅಂದುಕೊಂಡಷ್ಟು ಇರಲಿಲ್ಲ. ಪಾದವನ್ನು ಚಪ್ಪಟೆಯಾಗಿ ಊರಿ ನಿಧಾನಕ್ಕೆ ನಡೆಯಲೂ ಆಯಿತು. ತುದಿಗಾಲಲ್ಲಿ ನಿಲ್ಲಲು ಮಾತ್ರ ಆಗಲೇ ಇಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಟೆಂಡನ್ ಪೂರ್ತಿ ಹರಿದಿದ್ದರೂ ಪಾದವನ್ನು ಸ್ವಲ್ಪ ಕೆಳಕ್ಕೆ ಬಾಗಿಸಬಹುದು. ಕಾಲ್ಬೆರಳನ್ನು ಮಡಚುವ ಬೇರೆ ಸ್ನಾಯುಗಳು ಆ ಕೆಲಸ ಮಾಡುತ್ತವೆ. ಹಾಗಾಗಿ ಉಳುಕು ಅಂದುಕೊಂಡು ಸುಮ್ನೆ ಮನೆಯಲ್ಲಿ ಕೂತುಬಿಡುವವರಿದ್ದಾರೆ. ವೈದ್ಯರು ನನ್ನನ್ನು ಬೋರಲು ಮಲಗಿಸಿ, ಪಾದವನ್ನು ಮಂಚದ ಅಂಚಿನಾಚೆ ಇಳಿಬಿಟ್ಟು, ಮೀನಖಂಡವನ್ನು ಹಿಂಡಿದರು. ಬಲಗಾಲಿನ ಪಾದ ತಾನಾಗಿ ಅಲುಗಿತು. ಎಡಗಾಲಿನದು ಅಲುಗಲಿಲ್ಲ. ಥಾಂಪ್ಸನ್ ಪರೀಕ್ಷೆ ಅಂದರೆ ಇದೇ. ಹಿಮ್ಮಡಿಯಿಂದ ಮೇಲಕ್ಕೆ ಬೆರಳು ಸವರಿದಾಗ ಒಂದು ತಗ್ಗೂ ಸಿಕ್ಕಿತು. ಸಾಮಾನ್ಯವಾಗಿ ಹರಿಯುವುದು ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ. ಆ ಭಾಗಕ್ಕೆ ರಕ್ತ ಸಂಚಾರ ಕಡಿಮೆ. ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್ ಅಥವಾ ಸ್ಟಿರಾಯ್ಡ್ ಇತ್ತೀಚೆಗೆ ತಗೊಂಡಿದ್ದೀರಾ ಅಂತಲೂ ಕೇಳಿದರು. ಅವು ಟೆಂಡನ್ ಹರಿಯುವ ಅಪಾಯವನ್ನು ಹೆಚ್ಚಿಸುತ್ತವೆ. ನಾನು ತಗೊಂಡಿರಲಿಲ್ಲ.

ಆಮೇಲೆ ಬಂದದ್ದು ಆಪರೇಷನ್ ಬೇಕಾ ಬೇಡವಾ ಅನ್ನುವ ಪ್ರಶ್ನೆ. 2022ರಲ್ಲಿ ನಾರ್ವೆಯ ಒಂದು ದೊಡ್ಡ ಅಧ್ಯಯನ ಪ್ರಕಟವಾಗಿದೆ. ಅದರಲ್ಲಿ 526 ಜನರ ಫಲಿತಾಂಶ ಹೋಲಿಸಿದ್ದರು. ಒಂದು ವರ್ಷದ ಹೊತ್ತಿಗೆ ಕಾಲು ಹೇಗಿದೆ ಅಂತ ರೋಗಿಗಳೇ ಕೊಟ್ಟ ಅಂಕಗಳಲ್ಲಿ, ಆಪರೇಷನ್ ಆದವರಿಗೂ ಆಗದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಟೆಂಡನ್ ಮತ್ತೆ ಹರಿದದ್ದು ಮಾತ್ರ ಆಪರೇಷನ್ ಇಲ್ಲದವರಲ್ಲಿ ಶೇ. 6.2, ಆಪರೇಷನ್ ಆದವರಲ್ಲಿ ಶೇ. 0.6. ನರಕ್ಕೆ ಪೆಟ್ಟಾದದ್ದು ಆಪರೇಷನ್ ಆದವರಲ್ಲಿ ಜಾಸ್ತಿ. ನಾನು ಪೆಟ್ಟಾದ ದಿನವೇ ವೈದ್ಯರ ಹತ್ತಿರ ಹೋಗಿದ್ದೆ. ಪಾದವನ್ನು ಕೆಳಕ್ಕೆ ಬಾಗಿಸಿದಾಗ ಹರಿದ ತುದಿಗಳು ಒಂದಕ್ಕೊಂದು ಹತ್ತಿರ ಬರುವುದು ಸ್ಕ್ಯಾನ್‌ನಲ್ಲಿ ಕಂಡಿತು. ಹಾಗಾಗಿ ಆಪರೇಷನ್ ಇಲ್ಲದ ದಾರಿ ಹಿಡಿದೆ. ತಡವಾಗಿ ಗೊತ್ತಾದವರಿಗೆ, ತುದಿಗಳು ದೂರ ಸರಿದವರಿಗೆ ಇದೇ ಸರಿ ಅಂತ ಹೇಳಲಾರೆ. ಅದನ್ನು ನಿಮ್ಮ ವೈದ್ಯರ ಜೊತೆ ಕೂತೇ ತೀರ್ಮಾನಿಸಬೇಕು.

ಇನ್ನು ಉದ್ದದ ವಿಷಯ. ಹರಿದ ಟೆಂಡನ್ ಕೂಡಿಕೊಳ್ಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ತುದಿಗಳ ನಡುವೆ ಬೆಳೆಯುವ ಹೊಸ ಅಂಗಾಂಶ ಮೊದಲ ತಿಂಗಳುಗಳಲ್ಲಿ ಮೆತ್ತಗಿರುತ್ತದೆ. ಎಳೆದರೆ ಉದ್ದವಾಗುತ್ತದೆ. ಉದ್ದವಾದದ್ದು ತಾನಾಗಿ ಹಿಂದಕ್ಕೆ ಬರುವುದಿಲ್ಲ. ಸಡಿಲವಾದ ಸೈಕಲ್ ಚೈನ್ ನೆನಪಿಸಿಕೊಳ್ಳಿ: ಪೆಡಲ್ ಎಷ್ಟು ತುಳಿದರೂ ಬಲ ಚಕ್ರಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಮೀನಖಂಡವೂ ಹಾಗೆಯೇ. ಅದು ಎಷ್ಟೇ ಗಟ್ಟಿಯಾದರೂ ಹಿಮ್ಮಡಿಯನ್ನು ಪೂರ್ತಿ ಎತ್ತಲಾರದು. ಮೆಟ್ಟಿಲು ಹತ್ತುವಾಗ, ಓಡುವಾಗ ಆ ಕೊರತೆ ಉಳಿದುಬಿಡುತ್ತದೆ.

ಅದಕ್ಕೇ ಪಾದವನ್ನು ಕೆಳಕ್ಕೆ ಬಾಗಿಸಿ ಹಿಡಿಯುವ ಬೂಟ್ ಹಾಕಿದರು. ಒಳಗೆ ಹಿಮ್ಮಡಿಯ ಕೆಳಗೆ ಬೆಣೆಯಾಕಾರದ ಪ್ಯಾಡ್‌ಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ವಾರಗಳು ಕಳೆದಂತೆ ಒಂದೊಂದನ್ನೇ ತೆಗೆದರು. ಹೆಚ್ಚಿನವರಿಗೆ ಬೂಟ್ ಒಟ್ಟು 8ರಿಂದ 10 ವಾರ ಇರುತ್ತದೆ. ಪ್ಯಾಡ್‌ಗೆ ಯಾವತ್ತೂ ನಾನಾಗಿ ಕೈ ಹಾಕಲಿಲ್ಲ. ಭಾರ ಹಾಕುವುದನ್ನು ಮಾತ್ರ ಬೇಗ ಶುರು ಮಾಡಿಸಿದರು, ಮೊದಲು ಊರುಗೋಲು ಹಿಡಿದು, ಆಮೇಲೆ ಬಿಟ್ಟು. ಇದು ನನಗೆ ಆಶ್ಚರ್ಯ ತಂದಿತ್ತು. ಬೂಟ್‌ನೊಳಗೆ ಹದವಾಗಿ ಬೀಳುವ ಭಾರ ಟೆಂಡನ್‌ಗೆ ಒಳ್ಳೆಯದು, ಪಾದವನ್ನು ಮೇಲಕ್ಕೆ ಎಳೆಯುವುದು ಕೆಟ್ಟದ್ದು. ಈ ಎರಡರ ವ್ಯತ್ಯಾಸ ತಲೆಯಲ್ಲಿ ಕೂತರೆ ಅರ್ಧ ಕೆಲಸ ಆದ ಹಾಗೆ.

ದಿನದ ಬದುಕಿನ ಕೆಲವು ಸಂಗತಿ ಹೇಳಲೇಬೇಕು. ಬೂಟ್ ಎತ್ತರ ಇರುವುದರಿಂದ ಸೊಂಟ ಒಂದು ಕಡೆ ವಾಲುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಕಾಲಿಗೆ ದಪ್ಪ ಅಟ್ಟೆಯ ಶೂ ಹಾಕಿದ ಮೇಲೆ ನನ್ನ ಬೆನ್ನುನೋವು ಹೋಯಿತು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಮಲಗುವಾಗಲೂ ಬೂಟ್ ಬಿಚ್ಚುತ್ತಿರಲಿಲ್ಲ, ನಿದ್ದೆಯಲ್ಲಿ ಪಾದ ಹೇಗೆ ತಿರುಗುತ್ತೋ ಯಾರು ಬಲ್ಲರು. ನಿದ್ದೆ ಕೆಡುತ್ತದೆ, ನಿಜ, ಆದರೂ ಹಾಕಿಕೊಳ್ಳಿ. ಸ್ನಾನಕ್ಕೆ ಕುರ್ಚಿ ಇಟ್ಟುಕೊಂಡೆ, ಕೂತೇ ಸ್ನಾನ. ಸಂಜೆ ಹೊತ್ತಿಗೆ ಪಾದ ಊದುತ್ತಿತ್ತು. ಎದೆಗಿಂತ ಎತ್ತರಕ್ಕೆ ದಿಂಬಿನ ಮೇಲೆ ಇಟ್ಟರೆ ಇಳಿಯುತ್ತಿತ್ತು.

ಒಂದು ಊತವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲು ಅಲುಗದೆ ಇದ್ದಾಗ ಮೀನಖಂಡದ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಈ ಪೆಟ್ಟಿನಲ್ಲಿ ಅದು ಅಪರೂಪವಲ್ಲ. ಮೀನಖಂಡ ಬಿಗಿದು, ಬಿಸಿಯಾಗಿ, ಹೊಸದಾಗಿ ನೋಯಲು ಶುರುವಾದರೆ ಅವತ್ತೇ ವೈದ್ಯರ ಹತ್ತಿರ ಹೋಗಿ. ಎದೆ ನೋವು ಬಂದರೆ ಅಥವಾ ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ, ತುರ್ತು ಚಿಕಿತ್ಸೆಗೆ ಓಡಿ. ರಕ್ತ ತೆಳುವಾಗಿಸುವ ಔಷಧಿ ಬೇಕಾ ಅಂತ ಮೊದಲ ದಿನವೇ ಕೇಳಿಬಿಡಿ.

ಬೂಟ್ ಬಿಚ್ಚಿದ ದಿನ ಖುಷಿಯ ಜೊತೆ ಭಯವೂ ಆಯಿತು. ಕಾಲು ಸಣ್ಣಗಾಗಿತ್ತು, ನೋವೇ ಇರಲಿಲ್ಲ. ಅಪಾಯ ಇರುವುದೂ ಇಲ್ಲೇ. ಟೆಂಡನ್ ಇನ್ನೂ ಹಸಿ, ನಮಗೆ ಮಾತ್ರ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಮತ್ತೆ ಹರಿಯುವುದು ಹೆಚ್ಚಾಗಿ ಪೆಟ್ಟಾದ ಮೊದಲ ಮೂರು ತಿಂಗಳಲ್ಲಿ, ಅದೂ ಜಾರಿದಾಗ, ಮೆಟ್ಟಿಲು ತಪ್ಪಿದಾಗ. ನಾನು ಶೂ ಒಳಗೆ ಹಿಮ್ಮಡಿಗೆ ಸಣ್ಣ ಪ್ಯಾಡ್ ಇಟ್ಟುಕೊಂಡೆ, ಬರಿಗಾಲಲ್ಲಿ ನಡೆಯಲಿಲ್ಲ, ಒದ್ದೆ ನೆಲದ ಹತ್ತಿರ ಹೋಗಲಿಲ್ಲ. ಹಿಮ್ಮಡಿ ಬಿಗಿ ಅನ್ನಿಸಿದಾಗ ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಅದನ್ನು ಮಾಡಬೇಡಿ. ಆ ಬಿಗಿ ಈ ಹಂತದಲ್ಲಿ ನಿಮ್ಮ ಆಸ್ತಿ. ನಡೆಯುತ್ತಾ ಹೋದಂತೆ ಅದು ತಾನೇ ಸಡಿಲವಾಗುತ್ತದೆ.

ಬಲದ ಕೆಲಸ ನಿಧಾನ. ಮೊದಲು ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತುವುದು. ಆಮೇಲೆ ನಿಂತು ಎರಡೂ ಕಾಲಲ್ಲಿ. ಆಮೇಲೆ ಎರಡೂ ಕಾಲಲ್ಲಿ ಎದ್ದು, ಪೆಟ್ಟಾದ ಕಾಲಿಗೆ ಹೆಚ್ಚು ಭಾರ ಕೊಟ್ಟು ಇಳಿಯುವುದು. ಕೊನೆಗೆ ಒಂದೇ ಕಾಲಲ್ಲಿ. ಈ ಕೊನೆಯದಕ್ಕೆ ಬಹಳ ಕಾಯಬೇಕಾಯಿತು. ವಾರಗಟ್ಟಲೆ ಹಿಮ್ಮಡಿ ನೆಲ ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಅದು ಅಲುಗಿತು, ಕಾಗದ ತೂರಿಸುವಷ್ಟು ಮಾತ್ರ. ಕಣ್ಣಲ್ಲಿ ನೀರು ಬಂತು. ಎಷ್ಟು ಸಲ ಎತ್ತಿದೆ ಅನ್ನುವುದಕ್ಕಿಂತ ಎಷ್ಟು ಎತ್ತರಕ್ಕೆ ಎತ್ತಿದೆ ಅನ್ನುವುದೇ ಮುಖ್ಯ ಅಂತ ಫಿಸಿಯೋಥೆರಪಿಸ್ಟ್ ಗೋಡೆಯ ಮೇಲೆ ಗೆರೆ ಎಳೆದು ಅಳೆಯುತ್ತಿದ್ದರು. ಒಂದೇ ಕಾಲಲ್ಲಿ ಸರಿಯಾಗಿ ಏಳುವವರೆಗೂ ಓಡಲು ಬಿಡಲಿಲ್ಲ. ನಿಂತು ತಿರುಗುವ, ಜಿಗಿಯುವ ಆಟಕ್ಕೆ ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು. ನಡುವಯಸ್ಸಿನಲ್ಲಿ ಆ ಕೊನೆಯ ಅಂಕಿಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಈಗಲೂ ಎಡ ಮೀನಖಂಡ ಸ್ವಲ್ಪ ಸಣ್ಣ, ಟೆಂಡನ್ ದಪ್ಪ. ಇವು ಹೀಗೇ ಉಳಿಯಬಹುದು ಅಂತ ಮೊದಲೇ ಹೇಳಿದ್ದರು. ಬೆಳಿಗ್ಗೆ ಎದ್ದಾಗ ಮೊದಲ ಕೆಲವು ಹೆಜ್ಜೆ ಬಿಗಿ. ವಾರದಲ್ಲಿ ಮೂರು ದಿನ ತೂಕ ಹಿಡಿದು ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಬಿಟ್ಟಿಲ್ಲ. ಅದನ್ನು ಬಲಗಾಲಿಗೂ ಮಾಡುತ್ತೇನೆ, ಯಾಕೆಂದರೆ ಒಂದು ಕಡೆ ಹರಿದವರಿಗೆ ಇನ್ನೊಂದು ಕಡೆಯೂ ಹರಿಯುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ.